ಟೈರಿನ ಗಾಳಿಗೊಂದು ವೇಗಮಿತಿ

ದುಬೈಯಿಂದ ಹತ್ತಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಅಲ್ ಬದಾಯರ್ ಎಂಬ ಜಾಗವಿದೆ. ರಸ್ತೆಗೆ ಅಂಟಿದಂತೆಯೇ ಸುಮಾರು ನೂರು ಮೀಟರ್ ಎತ್ತರದ ಕೆಂಪು ಮರಳಿನ ದಿಬ್ಬ. ಅಲ್ಲಿ ಎಲ್ಲರ ಬಾಯಲ್ಲೂ ಅದು ‘ಬಿಗ್ ರೆಡ್’. ಚಳಿಗಾಲದ ವಾರಾಂತ್ಯದಲ್ಲಿ, ಡಾಂಬರು ಮುಗಿದು ಮರಳು ಶುರುವಾಗುವ ಅಂಚಿನಲ್ಲಿ ಲ್ಯಾಂಡ್ ಕ್ರೂಸರ್, ಪ್ಯಾಟ್ರೋಲ್‌ಗಳು ಸಾಲಾಗಿ ನಿಂತಿರುತ್ತವೆ. ಮಂಗಳೂರು, ಉಡುಪಿ, ಭಟ್ಕಳದವರ ಗಾಡಿಗಳಿಗೂ ಅಲ್ಲಿ ಬರವಿಲ್ಲ. ಪ್ರತಿ ಗಾಡಿಯ ಪಕ್ಕ ಒಬ್ಬರು ಕುಕ್ಕರುಗಾಲಲ್ಲಿ ಕೂತು ಚಕ್ರದ ಗಾಳಿ ಬಿಡುತ್ತಿರುತ್ತಾರೆ. ಬಂಕಿನಲ್ಲಿ 35 ಪಿಎಸ್‌ಐ ಹೊಡೆಸಿಕೊಂಡು ಬಂದದ್ದನ್ನು 15ಕ್ಕೋ, ಇನ್ನೂ ಸ್ವಲ್ಪ ಕೆಳಕ್ಕೋ ಇಳಿಸುವ ಕೆಲಸ. ಕೆಲವರದ್ದು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕೆಲವರು ಒಂದು ಕಡ್ಡಿ ಹಿಡಿದು ಇಪ್ಪತ್ತು ನಿಮಿಷ ಒದ್ದಾಡುತ್ತಾರೆ, ಉಳಿದವರು ಗಡಿಯಾರ ನೋಡುತ್ತಾರೆ.

ಇಳಿಸುವುದೇಕೆ ಎಂಬುದನ್ನು ಮೊದಲು ನೋಡೋಣ. ಜನ, ಸಾಮಾನು ಎಲ್ಲ ಸೇರಿ 2400 ಕಿಲೋ ತೂಗುವ ಗಾಡಿಯಲ್ಲಿ ಒಂದೊಂದು ಚಕ್ರದ ಮೇಲೆ 600 ಕಿಲೋ. ಈ ಭಾರವನ್ನು ಹೊರುವುದು ಹೆಚ್ಚಿನಂಶ ರಬ್ಬರಲ್ಲ, ಒಳಗಿರುವ ಗಾಳಿ. 35 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋ. 600 ಕಿಲೋವನ್ನು ಅದರಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ 245 ಚದರ ಸೆಂ.ಮೀ. ಆಸುಪಾಸು ಬರುತ್ತದೆ. 15 ಪಿಎಸ್‌ಐಗೆ ಇಳಿಸಿದಿರೋ, ಅದೇ ಲೆಕ್ಕ 570ರ ಹತ್ತಿರ ಹೋಗುತ್ತದೆ. ಟೈರಿನ ಪಕ್ಕದ ಗೋಡೆಯ ಬಿಗಿಯೂ ಒಂದಷ್ಟು ಭಾರ ಹೊರುವುದರಿಂದ ನಿಜದ ಅಂಕಿ ಇದಕ್ಕಿಂತ ತುಸು ಕಡಿಮೆ. ಗಮನಿಸಬೇಕಾದ್ದು ಇನ್ನೊಂದಿದೆ. ಗಾಳಿ ಇಳಿಸಿದ ಟೈರು ಅಗಲವಾಗುತ್ತದೆ ಎಂದೇ ಎಲ್ಲರ ನಂಬಿಕೆ. ಅಗಲ ಬದಲಾಗುವುದು ಅತ್ಯಲ್ಪ, ಬೆಳೆಯುವುದು ಉದ್ದ. 20 ಸೆಂ.ಮೀ. ಅಗಲದ ಟೈರಿನ ಅಚ್ಚು 12 ಸೆಂ.ಮೀ. ಉದ್ದ ಇದ್ದದ್ದು 28ರವರೆಗೂ ಚಾಚಿಕೊಳ್ಳುತ್ತದೆ. ಮರಳಿನಲ್ಲಿ ಚಕ್ರ ಹೂತಾಗ ಮುಂದೆ ಒಂದು ಮರಳಿನ ದಿಣ್ಣೆ ಏಳುತ್ತದಲ್ಲ, ಎಂಜಿನ್ ಅದನ್ನು ನೂಕುವುದರಲ್ಲೇ ಸುಸ್ತಾಗುತ್ತದೆ. ಉದ್ದದ ಅಚ್ಚು ಹೂಳುವುದು ಕಡಿಮೆ, ಅದರ ಮುಂದೆ ದಿಣ್ಣೆ ಏಳುವುದೂ ಕಡಿಮೆ.

ಇದನ್ನು ಮರುಭೂಮಿಯಲ್ಲಿ ರೂಢಿಗೆ ತಂದವರು ರಾಲ್ಫ್ ಬ್ಯಾಗ್ನಾಲ್ಡ್. ಬ್ರಿಟಿಷ್ ಸೈನ್ಯದ ಎಂಜಿನಿಯರ್. 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದಾಗ ರಜೆ ಸಿಕ್ಕಾಗಲೆಲ್ಲ ಫೋರ್ಡ್ ಕಾರುಗಳನ್ನು ಮರಳಿಗಿಳಿಸುತ್ತಿದ್ದ ಮನುಷ್ಯ. ಸಡಿಲ ಮರಳಿಗೆ ಬಂದಾಗ ಟೈರಿನ ಗಾಳಿ ಇಳಿಸುವುದು, ಸಿಕ್ಕಿಬಿದ್ದರೆ ಚಕ್ರದಡಿಗೆ ಉಕ್ಕಿನ ಹಲಗೆ ಕೊಡುವುದು, ದಿಕ್ಕು ಹಿಡಿಯಲು ಸೂರ್ಯನ ನೆರಳಿನ ದಿಕ್ಸೂಚಿ ಬಳಸುವುದು, ಇವೆಲ್ಲ ಅವರ ತಂಡ ಪಳಗಿಸಿದ ವಿದ್ಯೆಗಳು. 1940ರಲ್ಲಿ ಅದೇ ಅನುಭವದ ಮೇಲೆ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಪಡೆಯನ್ನು ಕಟ್ಟಿದರು. ಮರುವರ್ಷವೇ ಮರಳ ಕಣ ಗಾಳಿಗೆ ಹೇಗೆ ಹಾರಿ ದಿಬ್ಬವಾಗುತ್ತದೆ ಎಂಬುದರ ಮೇಲೆ ಬರೆದ ಗ್ರಂಥ ಹೊರಬಂತು. ಮಂಗಳ ಗ್ರಹದಲ್ಲಿ ಕ್ಯೂರಿಯಾಸಿಟಿ ನೌಕೆ 2015ರಲ್ಲಿ ಹೋಗಿ ನೋಡಿದ ಮರಳದಿಬ್ಬಗಳಿಗೆ ಬ್ಯಾಗ್ನಾಲ್ಡ್ ಹೆಸರೇ ಇದೆ.

ಇನ್ನು ಗಾಳಿ ಬಿಡುವ ವಿಷಯ. ಟೈರಿನ ಬಾಯಿಗೆ ಹಾಕಿರುವ ವಾಲ್ವನ್ನು ಕೊಟ್ಟವರು ನ್ಯೂಯಾರ್ಕಿನ ಆಗಸ್ಟ್ ಶ್ರೇಡರ್. ಮೂಲ ಜರ್ಮನಿ, ಮುಳುಗುಗಾರರ ಶಿರಸ್ತ್ರಾಣ, ರಬ್ಬರ್ ಸಾಮಾನು ಮಾಡುತ್ತಿದ್ದವರು. 1893ರಲ್ಲಿ ಪೇಟೆಂಟ್ ಸಿಕ್ಕ ಆ ವಿನ್ಯಾಸ ಹೆಚ್ಚೇನೂ ಬದಲಾಗದೆ ಇವತ್ತಿಗೂ ನಿಮ್ಮ ಗಾಡಿಯಲ್ಲಿದೆ. ಮುಚ್ಚಳ ತೆಗೆದು ಇಣುಕಿದರೆ ಒಳಗೆ ಸೂಜಿಯ ತಲೆಯಂಥ ಒಂದು ಪಿನ್ ಕಾಣುತ್ತದೆ. ಅದು ಒಂದು ಪುಟ್ಟ ತಿರುಪಿನ ಹೊಟ್ಟೆಯೊಳಗೆ ಕೂತಿದೆ, ಹಿಂದೆ ಒಂದು ಸ್ಪ್ರಿಂಗ್, ಬುಡದಲ್ಲಿ ರಬ್ಬರ್ ಬಿರಡೆ. ಪಿನ್ ಒತ್ತಿದರೆ ಬಿರಡೆ ಕೆಳಗಿಳಿದು ಸುತ್ತಲೂ ಕೂದಲೆಳೆಯಷ್ಟು ಸಂದಿ ಬಿಡುತ್ತದೆ; ಗಾಳಿ ಬರುವುದು ಆ ಸಂದಿಯಿಂದ. ಕಡ್ಡಿ ಹಿಡಿದವರು ಇಪ್ಪತ್ತು ನಿಮಿಷ ಕೂರಬೇಕಾಗುವುದು ಇದಕ್ಕೇ.

ಹೆಚ್ಚು ಒತ್ತಡವಿದ್ದರೆ ಗಾಳಿ ಹೆಚ್ಚು ಜೋರಾಗಿ ನುಗ್ಗಬೇಕಲ್ಲ, ಸಂದಿ ಸಣ್ಣದಾದರೇನು ಎಂದು ಯಾರಾದರೂ ಕೇಳಬಹುದು. ಇಲ್ಲಿ ಭೌತಶಾಸ್ತ್ರ ಒಂದು ಗೆರೆ ಎಳೆದಿದೆ. ಒಳಗಿನ ಒಟ್ಟು ಒತ್ತಡ ಹೊರಗಿನ ವಾತಾವರಣದ ಒತ್ತಡದ 1.9 ಪಟ್ಟಿನಷ್ಟಾದ ಕೂಡಲೇ, ಅತಿ ಇಕ್ಕಟ್ಟಿನ ಜಾಗದಲ್ಲಿ ಗಾಳಿಯ ಓಟ ಶಬ್ದದ ವೇಗವನ್ನು ಮುಟ್ಟಿಬಿಡುತ್ತದೆ: ಸೆಕೆಂಡಿಗೆ 300 ಮೀಟರಿಗೂ ಹೆಚ್ಚು. ಅಲ್ಲಿಂದಾಚೆಗೆ ಆ ಇಕ್ಕಟ್ಟಿನಲ್ಲಿ ವೇಗ ಏರುವುದಿಲ್ಲ. ಹೊರಗಡೆ ಒತ್ತಡ ಕಡಿಮೆ ಇದೆ, ಬೇಗ ಬಾ ಎಂಬ ಸುದ್ದಿ ಒಳಗಿನ ಗಾಳಿಗೆ ಮುಟ್ಟುವುದು ಶಬ್ದದ ವೇಗದಲ್ಲಿ. ಗಾಳಿಯೇ ಅಷ್ಟು ವೇಗದಲ್ಲಿ ಎದುರು ಬರುತ್ತಿದ್ದರೆ ಸುದ್ದಿ, ಹೊಳೆಯ ಸೆಳವಿಗೆ ಎದುರಾಗಿ ಸೆಳವಿನಷ್ಟೇ ವೇಗದಲ್ಲಿ ಈಜುವವನ ಹಾಗೆ, ಇದ್ದಲ್ಲೇ ಉಳಿಯುತ್ತದೆ. ಟೈರಿನ ಲೆಕ್ಕಕ್ಕೆ ತಂದರೆ ಈ ಗೆರೆ ಬರುವುದು ಗೇಜಿನ 13 ಪಿಎಸ್‌ಐ ಹತ್ತಿರ. 35ರಿಂದ 15ಕ್ಕೆ ಇಳಿಸುವವರ ಇಡೀ ಕೆಲಸ ಈ ಗೆರೆಗಿಂತ ಮೇಲೆಯೇ ನಡೆಯುತ್ತದೆ. ಆದ್ದರಿಂದ ಹೊರಗಿನಿಂದ ಹೀರುವ ಪಂಪು ಇಟ್ಟರೂ ಪ್ರಯೋಜನವಿಲ್ಲ. ಬೇಗ ಆಗಬೇಕೆಂದರೆ ಇರುವುದು ಒಂದೇ ದಾರಿ, ತೂತು ದೊಡ್ಡದಾಗಬೇಕು.

ಅಂದರೆ ಪಿನ್ನನ್ನು ಒತ್ತುವುದಲ್ಲ, ಅದು ಕೂತಿರುವ ಪುಟ್ಟ ತಿರುಪಿನ ಸಮೇತ (ಮುಂದೆ ಅದನ್ನೆಲ್ಲ ಸೇರಿಸಿ ಪಿನ್ ಎಂದೇ ಕರೆಯೋಣ) ಬಿಚ್ಚಿ ಹೊರತೆಗೆಯಬೇಕು. ಪಂಕ್ಚರ್ ಅಂಗಡಿಯಲ್ಲಿ ಸಣ್ಣ ಚಾವಿ ಹಾಕಿ ಮಾಡುವುದು ಇದನ್ನೇ. ತೆಗೆದರೆ ವಾಲ್ವಿನ ಪೂರ್ತಿ ಕೊಳವೆ ತೆರೆದುಕೊಂಡು, ನಿಮಿಷಗಟ್ಟಲೆ ಹಿಡಿಯುತ್ತಿದ್ದ ಟೈರು ಅರ್ಧ ನಿಮಿಷದ ಸುಮಾರಿಗೆ ಇಳಿಯುತ್ತದೆ. ಬರಿಗೈಯಲ್ಲಿ ಮಾಡಿದರೆ ಒಂದು ಅಪಾಯವಿದೆ. ಪಿನ್ನಿನ ಅಡ್ಡಗಾತ್ರ ಐದು ಮಿಲಿಮೀಟರ್ ಎಂದಿಟ್ಟುಕೊಂಡರೂ 35 ಪಿಎಸ್‌ಐನಲ್ಲಿ ಅದರ ಬೆನ್ನಿಗೆ ಹತ್ತಿರ ಹತ್ತಿರ ಅರ್ಧ ಕಿಲೋ ತೂಕದ ನೂಕು ಇರುತ್ತದೆ. ಕೊನೆಯ ಸುತ್ತು ಬಿಚ್ಚಿದೊಡನೆ ಅದು ಸಿಡಿದು ಹಾರುತ್ತದೆ. ಕಣ್ಣಿಗೆ ಬೀಳದಿದ್ದರೆ ಪುಣ್ಯ. ಮರಳಿಗೆ ಬಿದ್ದರೆ ಹುಡುಕುವ ಆಸೆ ಬಿಡಿ. ಈ ಕಾರಣಕ್ಕೆ ಹಿತ್ತಾಳೆಯ ಒಂದು ಉಪಕರಣ ಬಂದಿದೆ. ಅದನ್ನು ವಾಲ್ವಿನ ಮೇಲೆ ತಿರುಪಿ, ಹಿಂದಿನ ಗುಬ್ಬಿ ತಿರುಗಿಸಿದರೆ ಒಳಗಿನ ಹಿಡಿಕೆ ಪಿನ್ನನ್ನು ಬಿಚ್ಚಿ ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಕಾಲರ್ ಜಾರಿಸಿದರೆ ಗಾಳಿ ಹೊರಗೆ, ಮತ್ತೆ ಜಾರಿಸಿದರೆ ಬಂದ್. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯದ್ದು ಇದರಲ್ಲಿ ಹೆಸರಾದದ್ದು. ಅದೇ ಬಗೆಯ ಬೇರೆ ಮಾಲೂ ಬೇಕಾದಷ್ಟಿದೆ. ಗೇಜ್ ಓದುವಾಗ ಮಾತ್ರ ಗಾಳಿ ನಿಲ್ಲಿಸಿಯೇ ಓದಬೇಕು. ಹರಿಯುತ್ತಿರುವ ಗಾಳಿ ಗೇಜಿಗೆ ಸುಳ್ಳು ಹೇಳುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಟೈರಿನೊಳಗೆ ಒತ್ತಡದ ಸೆನ್ಸರ್ ಇರುವ ಹಲವು ಹೊಸ ಗಾಡಿಗಳಲ್ಲಿ ವಾಲ್ವಿನ ಕೊಳವೆ ಅಲ್ಯುಮಿನಿಯಂನದ್ದಿರುತ್ತದೆ. ಅದಕ್ಕೆ ಮಾಮೂಲಿ ಹಿತ್ತಾಳೆ ಪಿನ್ ಹಾಕಿದರೆ, ಒದ್ದೆ ಮತ್ತು ಉಪ್ಪು ಸೇರಿದಾಗ ಎರಡು ಲೋಹಗಳ ನಡುವೆ ತುಕ್ಕು ಹಿಡಿದು ಪಿನ್ ಕಚ್ಚಿಕೊಳ್ಳುತ್ತದೆ. ಮುಂದಿನ ಸಲ ಬಿಚ್ಚಲು ಹೋದರೆ ಕೊಳವೆಯೇ ಮುರಿಯಬಹುದು. ನಿಕಲ್ ಲೇಪದ ಪಿನ್ ಕೇಳಿ ತಗೊಳ್ಳಿ, ನಾಲ್ಕಾರು ಹೆಚ್ಚುವರಿ ಡ್ಯಾಶ್‌ಬೋರ್ಡಿನಲ್ಲಿರಲಿ.

ಪಿನ್ ಬಿಚ್ಚಲು ಇಷ್ಟವಿಲ್ಲದವರಿಗೆ ಸ್ಪ್ರಿಂಗ್ ಇರುವ ತಾನೇ ನಿಲ್ಲುವ ಡಿಫ್ಲೇಟರ್‌ಗಳಿವೆ. ಹೆಬ್ಬೆರಳಿನಷ್ಟು ಗಾತ್ರ. ಬೇಕಾದ ಒತ್ತಡಕ್ಕೆ ಮೊದಲೇ ಹೊಂದಿಸಿಟ್ಟು ನಾಲ್ಕು ಚಕ್ರಕ್ಕೂ ತಿರುಪಿಬಿಟ್ಟರೆ ಆಯಿತು. ಒಳಗಿನ ಒತ್ತಡ ಸ್ಪ್ರಿಂಗಿನ ಬಲಕ್ಕಿಂತ ಕೆಳಗಿಳಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದು ಟೈರಿಗೆ ಹಿಡಿಯುವ ಹೊತ್ತು ಜಾಸ್ತಿ, ಆದರೆ ನಾಲ್ಕೂ ಒಟ್ಟಿಗೆ ಇಳಿಯುತ್ತವೆ. ಪಿನ್ ಬಿಚ್ಚುವವನು ಒಂದೊಂದೇ ಚಕ್ರಕ್ಕೆ ಕೂತು ಎದ್ದು ನಡೆದು ಮುಗಿಸುವಷ್ಟರಲ್ಲಿ ಡಿಫ್ಲೇಟರ್ ಹಾಕಿದವನದ್ದೂ ಮುಗಿದಿರುತ್ತದೆ, ಮಧ್ಯೆ ಒಂದು ಲೋಟ ಚಹಾ ಬೇರೆ. ನಾಲ್ಕು ಚಕ್ರಕ್ಕೂ ಕೊಳವೆ ಹಾಕಿ ಒಂದೇ ಗೇಜಿಗೆ ಸೇರಿಸುವ ಜೋಡಣೆಯೂ ಇದೆ. ನಾಲ್ಕೂ ಟೈರು ತಮ್ಮತಮ್ಮೊಳಗೆ ಸಮ ಆಗುವುದು ಅದರ ಗುಣ. ಮರಳು ಮೆತ್ತಿದ ಉದ್ದನೆ ಕೊಳವೆ ಸುತ್ತಿಡುವುದು ಅದರ ರಗಳೆ.

ಗೇಜ್ ಬಿಟ್ಟು ಬೇರೇನೂ ಇಲ್ಲದವರಿಗೂ ಒಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಮೇಲೆ ಹೇಳಿದ ವೇಗಮಿತಿಯಲ್ಲಿ ಹೊರಬೀಳುವ ಗಾಳಿಯ ಪ್ರಮಾಣ ಒಳಗಿನ ಒಟ್ಟು ಒತ್ತಡದ ಜೊತೆಗೇ ತಗ್ಗುತ್ತ ಹೋಗುತ್ತದೆ. 35ರಿಂದ 25ಕ್ಕೆ ಇಳಿಯಲು 20 ಸೆಕೆಂಡ್ ಹಿಡಿದರೆ, 25ರಿಂದ 15ಕ್ಕೆ ಹತ್ತಿರ ಹತ್ತಿರ 26 ಸೆಕೆಂಡ್ ಬೇಕು. ಮೊದಲ ಟೈರನ್ನು ಗೇಜ್ ನೋಡಿ ಇಳಿಸಿ, ಹಿಡಿದ ಸೆಕೆಂಡ್ ಎಣಿಸಿಟ್ಟುಕೊಂಡರೆ ಉಳಿದ ಮೂರಕ್ಕೆ ಮತ್ತೆ ಮತ್ತೆ ನಿಲ್ಲಿಸಿ ನೋಡಬೇಕಿಲ್ಲ, ಕೊನೆಗೊಮ್ಮೆ ತಾಳೆ ನೋಡಿದರೆ ಸಾಕು.

ವೇಗಕ್ಕಿಂತ ಎಲ್ಲಿ ನಿಲ್ಲಿಸುತ್ತೀರಿ ಎಂಬುದು ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ. ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಓಡಿ ಬಂದ ಟೈರು ಬಿಸಿಯಾಗಿರುತ್ತದೆ. ಬೆಳಗ್ಗೆ 20 ಡಿಗ್ರಿಯಲ್ಲಿ 35 ಇದ್ದದ್ದು, ಒಳಗಿನ ಗಾಳಿ 55 ಡಿಗ್ರಿ ಮುಟ್ಟಿದಾಗ 40 ದಾಟುತ್ತದೆ. ಆ ಬಿಸಿಯಲ್ಲೇ ಗೇಜ್ ನೋಡಿ 15ಕ್ಕೆ ನಿಲ್ಲಿಸಿದಿರಿ ಅನ್ನಿ. ರಾತ್ರಿ ಮರುಭೂಮಿಯಲ್ಲಿ ಟೆಂಟ್ ಹಾಕಿ ಎದ್ದು ನೋಡಿದರೆ, ಒಂದು ಉಸಿರು ಗಾಳಿ ಸೋರದಿದ್ದರೂ ಅದು 12ಕ್ಕೆ ಬಂದಿರುತ್ತದೆ. ಮೂರು ಪಿಎಸ್‌ಐ ವ್ಯತ್ಯಾಸ ಏನು ಮಹಾ ಅನಿಸಬಹುದು. ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆಯಿರುತ್ತದೆ. ಅದು ರಿಮ್ಮಿಗೆ ಒತ್ತಿಕೊಂಡು ಕೂತಿರುವುದು ಗಾಳಿಯ ಬಲದಿಂದ. 12ಕ್ಕೂ ಕೆಳಗಿಳಿದ ಟೈರಿನಲ್ಲಿ ದಿಬ್ಬದ ಓರೆಯ ಮೇಲೆ ಜೋರಾಗಿ ಸ್ಟಿಯರಿಂಗ್ ತಿರುಗಿಸಿದರೆ ಆ ಬಳೆ ರಿಮ್ಮಿನಿಂದ ಕಳಚಿಕೊಳ್ಳಬಹುದು. ಓರೆಯಲ್ಲಿ ನಿಂತ ಗಾಡಿಗೆ ಜಾಕ್ ಹಾಕುವ ಕಷ್ಟ ಹಾಕಿದವರಿಗೇ ಗೊತ್ತು. ಹಾಗಾಗಿ ಬಿಸಿ ಟೈರನ್ನು 17-18ಕ್ಕೆ ನಿಲ್ಲಿಸಿ ಒಂದಷ್ಟು ದೂರ ಹೋಗಿ ನೋಡುವುದು ಜಾಣತನ. ಬೇಕಾದರೆ ಇನ್ನೆರಡು ಇಳಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ.

ಮರಳಿನ ಅಂಕಿಗಳನ್ನು ನಮ್ಮ ಸಕಲೇಶಪುರ, ಕೊಡಗಿನ ಕಡೆಯ ದಾರಿಗಳಿಗೆ ಹಾಗೇ ತರುವುದು ಸರಿಯಲ್ಲ. ಅಲ್ಲಿ ಚೂಪು ಕಲ್ಲು, ಮರದ ಬೇರು. ತೀರಾ ಸಡಿಲವಾದ ಟೈರಿನ ಉಬ್ಬಿದ ಪಕ್ಕದ ಗೋಡೆಗೆ ಕಲ್ಲು ಬಡಿದರೆ ಸೀಳುತ್ತದೆ, ಆ ಸೀಳಿಗೆ ಪಂಕ್ಚರ್ ಹಾಕಲಾಗದು. 20-25ರ ನಡುವೆ ಇಟ್ಟರೆ ಸಾಕು. ಮಳೆಗಾಲದ ಕೆಂಪು ಜೇಡಿಗೆ ಗಾಳಿ ಇಳಿಸುವುದು ಅರ್ಧ ಉತ್ತರ ಮಾತ್ರ. ಎಸ್ಟೇಟಿನ ಜೀಪುಗಳು ಚಕ್ರಕ್ಕೆ ಸರಪಳಿ ಸುತ್ತಿಕೊಳ್ಳುವುದು ಸುಮ್ಮನೆ ಅಲ್ಲ.

ಇಳಿಯದೆ, ಕೂರದೆ, ಸ್ಟಿಯರಿಂಗ್ ಮುಂದಿನಿಂದಲೇ ಗಾಳಿ ಏರಿಸಿ ಇಳಿಸುವ ವ್ಯವಸ್ಥೆಯೂ ಹಳೆಯದೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ನೀರಿನಲ್ಲೂ ನೆಲದಲ್ಲೂ ಓಡುವ ‘ಡಕ್’ ಎಂಬ ಲಾರಿ ಮಾಡಿದರು. ಕಡಲಿನಿಂದ ಮೆತ್ತನೆ ಮರಳಿಗೆ ಹತ್ತುವಾಗ ಡ್ರೈವರ್ ಕೂತಲ್ಲಿಂದಲೇ ಟೈರು ಸಡಿಲಿಸುತ್ತಿದ್ದ, ರಸ್ತೆ ಸಿಕ್ಕಾಗ ಬಿಗಿ ಮಾಡುತ್ತಿದ್ದ. ಆಮೇಲೆ ಸೋವಿಯತ್ ಸೇನೆಯ ಜಿಲ್ ಲಾರಿಗಳಿಗೂ, ಅಮೆರಿಕದ ಹಮ್ಮರ್‌ಗೂ ಇದು ಬಂತು. ತಿರುಗುತ್ತಿರುವ ಚಕ್ರದೊಳಕ್ಕೆ ಸೋರದಂತೆ ಗಾಳಿ ಒಯ್ಯುವ ಜೋಡಣೆ ದುಬಾರಿ, ಸವೆಯುವಂಥದ್ದು. ಮನೆಯ ಗಾಡಿಗಳಿಗೆ ಅದು ಬಾರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇಷ್ಟೆಲ್ಲ ವೇಗದ ಮಾತಾಡುವವರು ಮರೆಯುವುದು ವಾಪಸ್ ತುಂಬಿಸುವುದನ್ನು. ದೊಡ್ಡ ಎಸ್‌ಯುವಿಯ ಒಂದು ಟೈರಿನ ಒಳಜಾಗ ಸುಮಾರು 70 ಲೀಟರ್. 35ರಿಂದ 15ಕ್ಕೆ ಇಳಿಸುವಾಗ ಹೊರಹೋದದ್ದು ಹೊರಗಿನ ಒತ್ತಡದ ಲೆಕ್ಕದಲ್ಲಿ 95 ಲೀಟರ್ ಗಾಳಿ, ನಾಲ್ಕಕ್ಕೆ 380. ಸಿಗರೇಟ್ ಲೈಟರಿಗೆ ಚುಚ್ಚುವ, ನಿಮಿಷಕ್ಕೆ 30 ಲೀಟರ್ ಎಂದು ಬರೆದಿರುವ ಕಂಪ್ರೆಸರ್ ಇದನ್ನು ತುಂಬಲು ಕಾಗದದ ಮೇಲೆಯೇ 13 ನಿಮಿಷ ಕೇಳುತ್ತದೆ. ಒತ್ತಡ ಏರಿದಂತೆ ಅದರ ಶಕ್ತಿ ಕುಂದುತ್ತದೆ, ನಡುವೆ ಬಿಸಿಯಾಗಿ ನಿಲ್ಲುತ್ತದೆ, ಅರ್ಧ ಗಂಟೆ ಹೋಗಬಹುದು. ಸುಸ್ತಾದ ಸಂಜೆ, ಮಕ್ಕಳು ಹಸಿದಿದ್ದಾರೆ, ಬಂಕ್ ಇನ್ನೇನು ಇಪ್ಪತ್ತು ಕಿಲೋಮೀಟರ್ ಎಂದು ಹಾಗೇ ಹೆದ್ದಾರಿಗೆ ಹತ್ತುವವರಿದ್ದಾರೆ. ಸಡಿಲ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಆ ಮಡಚುವಿಕೆಯ ಶಕ್ತಿಯ ಒಂದು ಪಾಲು ರಬ್ಬರಿನಲ್ಲಿ ಬಿಸಿಯಾಗಿ ಉಳಿಯುತ್ತದೆ. 2000ದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಪದರ ಕಿತ್ತುಬಂದು ಎಸ್‌ಯುವಿಗಳು, ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್‌ಗಳು, ಮಗುಚಿದ್ದವು. ಟೈರಿನ ದೋಷದ ಜೊತೆಗೆ ಕಡಿಮೆ ಗಾಳಿ, ವೇಗ ಮತ್ತು ಬಿಸಿಯ ಪಾತ್ರದ ಬಗ್ಗೆ ಆಗ ದೊಡ್ಡ ಜಗಳವೇ ನಡೆಯಿತು. ಫೋರ್ಡ್ ತನ್ನ ಎಕ್ಸ್‌ಪ್ಲೋರರ್‌ಗೆ ಹೇಳಿದ್ದ ಒತ್ತಡ 26 ಪಿಎಸ್‌ಐ. ಆ ಜಗಳದ ಬೆನ್ನಿಗೆ ಬಂದ ಕಾನೂನಿನಿಂದಲೇ ಅಮೆರಿಕದ ಹೊಸ ಗಾಡಿಗಳಿಗೆ ಟೈರ್ ಒತ್ತಡದ ಎಚ್ಚರಿಕೆ ದೀಪ ಕಡ್ಡಾಯವಾಯಿತು. 26ರ ಬಗ್ಗೆಯೇ ಅಷ್ಟು ವಾದವಾದ ಮೇಲೆ 15ರಲ್ಲಿ ಹೆದ್ದಾರಿ ಹತ್ತುವವರಿಗೆ ಏನು ಹೇಳುವುದು?

ಅಂಗಡಿಗೆ ಹೋಗುವವರಿಗೆ ನನ್ನ ಸಲಹೆ ಇಷ್ಟು. ಡಿಫ್ಲೇಟರ್ ಅಗ್ಗದ್ದಾದರೂ ನಡೆಯುತ್ತದೆ, ಹೆಚ್ಚೆಂದರೆ ಹತ್ತು ನಿಮಿಷ ತಡವಾದೀತು. ದುಡ್ಡು ಹಾಕಬೇಕಾದ್ದು ಬ್ಯಾಟರಿಗೆ ನೇರ ಕ್ಲಿಪ್ ಹಾಕುವ, ನಿಮಿಷಕ್ಕೆ 70 ಲೀಟರಿನ ಮೇಲ್ಪಟ್ಟ ಕಂಪ್ರೆಸರ್‌ಗೆ ಮತ್ತು ಒಂದು ನಂಬಿಕಸ್ತ ಗೇಜಿಗೆ. ಅವೆರಡೂ ಗಾಡಿಯಲ್ಲಿ ಇಲ್ಲದ ದಿನ ಟೈರಿನ ಗಾಳಿ ಇಳಿಸಲೇಬೇಡಿ.