ಬಸ್ಸಿನೊಳಗಿನ ಗದ್ದಲಕ್ಕೆ ಮೆತ್ತೆಯ ಮದ್ದು

ಡ್ಯೂಟಿ ಮುಗಿಸಿ ಬಂದ ಅಪ್ಪ ಟಿ.ವಿ. ಹಾಕಿದರೆ ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ಅಡಿಗೆಮನೆಯಿಂದ ಅಮ್ಮ ಕೂಗಿದ್ದು ಮಾತ್ರ ಅವರಿಗೆ ಕೇಳಿಸುವುದಿಲ್ಲ. ‘ಕೇಳಿದರೂ ಕೇಳದ ಹಾಗೆ ಇರುತ್ತಾರೆ’ ಎಂಬುದು ಮನೆಯವರ ದೂರು. ಬಸ್ಸು, ಲಾರಿ ಓಡಿಸುವವರ ಮನೆಗಳಲ್ಲಿ ಇದು ಅಪರೂಪದ ಮಾತಲ್ಲ. ಅವರು ಬೇಕೆಂದೇ ಹಾಗೆ ಮಾಡುತ್ತಿಲ್ಲ. ವರ್ಷಗಟ್ಟಲೆ ಎಂಜಿನ್ನಿನ ಮಗ್ಗುಲಲ್ಲಿ ಕುಳಿತು ಅವರ ಕಿವಿಯೇ ಸವೆದಿರಬಹುದು.

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಹ ಒಂದು ಪುಟ್ಟ ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳಿವೆ. ಶಬ್ದವನ್ನು ಮೆದುಳಿಗೆ ತಿಳಿಯುವ ಸಂಕೇತವನ್ನಾಗಿ ಮಾಡುವುದು ಇವುಗಳ ಕೆಲಸ. ಗಾಯವಾದ ಚರ್ಮ ಮತ್ತೆ ಬೆಳೆಯುತ್ತದೆ. ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಗದ್ದಲದಿಂದ ಬರುವ ಕಿವುಡಿಗೆ ಮಾತ್ರೆಯಿಲ್ಲ, ಶಸ್ತ್ರಚಿಕಿತ್ಸೆಯಿಂದಲೂ ಅದು ಹಿಂದಿನ ಸ್ಥಿತಿಗೆ ಬಾರದು. ತಡೆಯುವುದೊಂದೇ ದಾರಿ.

ಈ ಹಾನಿ ಮೊದಲು ಕಾಣಿಸುವುದು 4000 ಹರ್ಟ್ಸ್ ಆಸುಪಾಸಿನ ಮೇಲು ಶ್ರುತಿಯಲ್ಲಿ. ಸ, ಶ, ತ ಮುಂತಾದ ವ್ಯಂಜನಗಳು ಮಸುಕಾಗುತ್ತವೆ. ‘ಮಾತು ಕೇಳುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ’ ಎಂದು ರೋಗಿ ಹೇಳುವುದು ಇದೇ ಕಾರಣಕ್ಕೆ.

ಎಷ್ಟು ಗದ್ದಲ ಹೆಚ್ಚು?

ಶಬ್ದವನ್ನು ಅಳೆಯುವುದು ಡೆಸಿಬಲ್‌ಗಳಲ್ಲಿ. ಸಾಮಾನ್ಯ ಮಾತುಕತೆ 60 ಡೆಸಿಬಲ್ ಇರುತ್ತದೆ. ದಿನಕ್ಕೆ 8 ಗಂಟೆ ಕೇಳುವುದಾದರೆ ಶಬ್ದ 85 ಡೆಸಿಬಲ್ ಮೀರಬಾರದು ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. ಇಲ್ಲೊಂದು ಲೆಕ್ಕವಿದೆ. ಶಬ್ದ 3 ಡೆಸಿಬಲ್ ಹೆಚ್ಚಿದರೆ ಅದರ ಶಕ್ತಿ ಎರಡು ಪಟ್ಟಾಗುತ್ತದೆ, ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಅಂದರೆ 88 ಡೆಸಿಬಲ್ ಆದರೆ 4 ಗಂಟೆ, 91 ಆದರೆ 2 ಗಂಟೆ ಮಾತ್ರ. ಹಗಲಿಡೀ ಸ್ಟಿಯರಿಂಗ್ ಹಿಡಿಯುವವರಿಗೆ ಈ ಮೂರು ಡೆಸಿಬಲ್ ಸಣ್ಣ ಸಂಗತಿಯಲ್ಲ.

ಗದ್ದಲದ ಪೆಟ್ಟು ಕಿವಿಗಷ್ಟೇ ಅಲ್ಲ. ರಕ್ತದ ಒತ್ತಡ ಏರುತ್ತದೆ, ಬೇಗ ದಣಿವಾಗುತ್ತದೆ, ಸಿಡುಕು ಹೆಚ್ಚುತ್ತದೆ. ಹಿಂದಿನ ವಾಹನದ ಹಾರ್ನ್ ಕೇಳಿಸದೆ ಅಪಘಾತದ ಸಂಭವವೂ ಉಂಟು.

ತಗಡಿನ ಡಬ್ಬಿ

ಅನೇಕ ಬಸ್ಸುಗಳಲ್ಲಿ ಎಂಜಿನ್ ಮುಂದೆಯೇ, ಡ್ರೈವರ್‌ನ ಎಡ ಮಗ್ಗುಲಲ್ಲಿ ಇರುತ್ತದೆ. ಅದರ ಮೇಲೊಂದು ಬಾನೆಟ್ ಮುಚ್ಚಳ. ಸುತ್ತಲೂ ತಗಡು, ಗಾಜು, ಪ್ಲೈವುಡ್, ಅದರ ಮೇಲೆ ರೆಕ್ಸಿನ್. ಗಟ್ಟಿಯಾದ, ನುಣುಪಾದ ಇಂತಹ ಮೈಗಳು ಶಬ್ದವನ್ನು ಹೀರುವುದಿಲ್ಲ. ಗೋಡೆಗೆ ಎಸೆದ ಚೆಂಡಿನಂತೆ ಹಿಂದಕ್ಕೆ ಕಳಿಸುತ್ತವೆ. ಎಂಜಿನ್ನಿನಿಂದ ನೇರವಾಗಿ ಬಂದ ಶಬ್ದದ ಜೊತೆಗೆ ಹತ್ತಾರು ಬಾರಿ ಪುಟಿದು ಬಂದ ಶಬ್ದವೂ ಕಿವಿಗೆ ಬೀಳುತ್ತದೆ.

ಈ ಪುಟಿತವನ್ನು ಮೊದಲು ಶಾಸ್ತ್ರೀಯವಾಗಿ ಅಳೆದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಅಧ್ಯಾಪಕ ವಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಸೇಬಿನ್ ರಾತ್ರಿಯ ವೇಳೆ ಪಕ್ಕದ ರಂಗಮಂದಿರದಿಂದ ಆಸನಗಳ ಮೆತ್ತೆಗಳನ್ನು ತರಿಸಿ, ಒಂದೊಂದಾಗಿ ಹಾಸಿ, ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು ಲೆಕ್ಕ ಹಾಕಿದರು. ಮೆತ್ತೆಗಳು ಹೆಚ್ಚಿದಂತೆ ಗುಂಯ್‌ಗುಡುವಿಕೆ ತಗ್ಗಿತು. ವಾಹನಗಳ ಒಳಮೈ ಹಲಗೆಗಳ ಹಿಂದಿರುವುದೂ ಇದೇ ತತ್ವ.

ಹೀರುವುದು ಹೇಗೆ?

ಹತ್ತಿ, ಸೆಣಬು, ಉಣ್ಣೆ, ಗಾಜಿನ ನಾರುಗಳ ದಪ್ಪ ಹಾಸಿನಲ್ಲಿ ಲಕ್ಷಾಂತರ ಸಣ್ಣ ಸಂದುಗಳಿರುತ್ತವೆ. ಶಬ್ದವೆಂದರೆ ಗಾಳಿಯ ಕಂಪನವಷ್ಟೆ. ಆ ಗಾಳಿ ಸಂದುಗಳಲ್ಲಿ ಹಿಂದೆ ಮುಂದೆ ಉಜ್ಜಾಡಿ ಅತ್ಯಲ್ಪ ಶಾಖವಾಗಿ ಕರಗಿಹೋಗುತ್ತದೆ. ಗಾಳಿ ಒಳನುಗ್ಗಿದರೆ ಮಾತ್ರ ಇದು ಸಾಧ್ಯ. ಒಳ್ಳೆಯ ಫೆಲ್ಟ್ ಹಾಕಿಸಿ ಅದರ ಮೇಲೆ ರೆಕ್ಸಿನ್ ಬಿಗಿದರೆ, ಬಾಯಾರಿದವನ ಬಾಯಿ ಕಟ್ಟಿ ನೀರು ಕೊಟ್ಟಂತೆ. ಹೊದಿಕೆ ತೆಳು ಬಟ್ಟೆಯದ್ದಾಗಿರಬೇಕು, ಇಲ್ಲವೇ ಒತ್ತೊತ್ತಾಗಿ ತೂತುಗಳಿರುವ ಹಾಳೆಯಾಗಿರಬೇಕು. ಮೈಯ ಐದನೇ ಒಂದು ಭಾಗವಾದರೂ ತೂತಿದ್ದರೆ ಒಳ್ಳೆಯದು.

ದಪ್ಪಕ್ಕೂ ಒಂದು ಲೆಕ್ಕವಿದೆ. 1000 ಹರ್ಟ್ಸ್ ಶಬ್ದದ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ಅದರ ಕಾಲು ಭಾಗದಷ್ಟು, ಅಂದರೆ 8 ಸೆಂಟಿಮೀಟರ್ ದಪ್ಪವಿದ್ದರೆ ಹೀರಿಕೆ ಅತ್ಯುತ್ತಮ. 2-3 ಸೆಂಟಿಮೀಟರ್ ಇದ್ದರೂ ಸಾಕಷ್ಟು ಉಪಯೋಗವಿದೆ. ಹಲಗೆಯ ಹಿಂದೆ ಸ್ವಲ್ಪ ಗಾಳಿಯ ಜಾಗ ಬಿಟ್ಟರೆ ಅದೂ ದಪ್ಪದಂತೆಯೇ ಕೆಲಸ ಮಾಡುತ್ತದೆ. ಆದರೆ 1500 ಸುತ್ತು ತಿರುಗುವ ಆರು ಸಿಲಿಂಡರ್ ಡೀಸೆಲ್ ಎಂಜಿನ್ನಿನ ಗುಡುಗುಡು ಶಬ್ದ 75 ಹರ್ಟ್ಸ್‌ನದು. ಅದರ ಅಲೆ ನಾಲ್ಕೂವರೆ ಮೀಟರ್ ಉದ್ದ! ಅದನ್ನು ಹೀರಲು ಒಂದು ಮೀಟರಿಗೂ ಮಿಕ್ಕಿದ ದಪ್ಪ ಬೇಕಾಗುತ್ತದೆ. ಆದ್ದರಿಂದ ಮೆತ್ತೆಯೊಂದರಿಂದಲೇ ಎಲ್ಲ ಸದ್ದೂ ಅಡಗುತ್ತದೆ ಎಂಬ ಮಾತನ್ನು ನಂಬಬೇಡಿ. ಸಮಾಧಾನದ ಸಂಗತಿಯೆಂದರೆ, ಕಿವಿಗೆ ಹೆಚ್ಚು ಹಾನಿ ಮಾಡುವುದು ನಡು ಮತ್ತು ಮೇಲು ಶ್ರುತಿಯ ಶಬ್ದ. ಹಲಗೆಗಳು ಚೆನ್ನಾಗಿ ಹೀರುವುದೂ ಅದನ್ನೇ.

ಮೂರು ಪದರ, ಒಂದು ಎಚ್ಚರ

ತಿಳಿದವರು ಈ ಕೆಲಸವನ್ನು ಮೂರು ಪದರಗಳಲ್ಲಿ ಮಾಡುತ್ತಾರೆ. ಮೊದಲು, ನಡುಗುವ ತಗಡಿಗೆ ಡಾಂಬರಿನಂತಹ ಅಂಟುಹಾಳೆ ಹಚ್ಚಿ ಅದರ ಕಂಪನ ತಗ್ಗಿಸುವುದು. ಎರಡನೆಯದು, ಎಂಜಿನ್ನಿಗೂ ಕ್ಯಾಬಿನ್‌ಗೂ ನಡುವೆ ಭಾರವಾದ ರಬ್ಬರ್ ಹಾಳೆಯ ತಡೆ. ಶಬ್ದವನ್ನು ತಡೆಯುವುದು ತೂಕ, ಹೀರುವುದು ನಾರು. ಇವೆರಡನ್ನು ಗೊಂದಲ ಮಾಡಿಕೊಳ್ಳಬಾರದು. ಮೂರನೆಯದಾಗಿ ಚಾವಣಿ, ಬಾಗಿಲು, ಬಾನೆಟ್ ಮುಚ್ಚಳಗಳಿಗೆ ನಾರಿನ ಹಲಗೆ.

ಇದೆಲ್ಲಕ್ಕೂ ಮೊದಲು ಸಂದುಗೊಂದುಗಳನ್ನು ಮುಚ್ಚಬೇಕು. ಗೇರ್ ಕಡ್ಡಿಯ ಸುತ್ತ, ಪೆಡಲುಗಳ ಬಳಿ, ತಂತಿಗಳು ಹಾಯುವ ಕಡೆ ಇರುವ ತೂತುಗಳಿಂದ ಶಬ್ದ ನೀರಿನಂತೆ ನುಗ್ಗುತ್ತದೆ. ತಡೆಯ ನೂರನೇ ಒಂದು ಭಾಗ ತೆರೆದಿದ್ದರೂ, ಉಳಿದ ಭಾಗ ಎಷ್ಟೇ ಗಟ್ಟಿಯಾಗಿರಲಿ, 20 ಡೆಸಿಬಲ್‌ಗಿಂತ ಹೆಚ್ಚು ತಡೆಯಲಾಗದು. ಇಲ್ಲಿ ಬೇಕಾಗುವುದು ಕೆಲವು ರಬ್ಬರ್ ವಾಷರುಗಳು ಮಾತ್ರ. ಖರ್ಚು ಅತಿ ಕಡಿಮೆ.

ಹಲಗೆ ತಯಾರಿಸುವುದು ದೊಡ್ಡ ರಹಸ್ಯವೇನಲ್ಲ. ಹಳೆಯ ಹತ್ತಿ ಬಟ್ಟೆಗಳ ಚಿಂದಿಯನ್ನು ಎಳೆಎಳೆಯಾಗಿ ಬಿಡಿಸಿ, ರಾಳದ ಪುಡಿ ಬೆರೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಬೇಕಾದ ಆಕಾರದ ಫೆಲ್ಟ್ ಸಿದ್ಧ. ಕಾರು ತಯಾರಕರು ಇದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಯೂರೋಪಿನ ಕಾರುಗಳ ಬಾಗಿಲ ಹಲಗೆಗಳಲ್ಲಿ ಅಗಸೆ, ಸೆಣಬಿನ ನಾರೂ ಇದೆ. ತೆಂಗಿನ ನಾರಿಗೆ ಹೆಸರಾದ ಅರಸೀಕೆರೆ, ತಿಪಟೂರು ನಮ್ಮಲ್ಲೇ ಇವೆ. ನಾರಿನ ಹಾಸು ಕೂಡ ಶಬ್ದ ಹೀರುತ್ತದೆ, ಆದರೆ ಒರಟು ನಾರಾದ್ದರಿಂದ ಹೆಚ್ಚು ದಪ್ಪ ಬೇಕು.

ಬೆಂಕಿಯ ಭಯ

ಅಗ್ಗವೆಂದು ಹಾಸಿಗೆಯ ಸ್ಪಂಜನ್ನು ಅಂಟಿಸಿಬಿಡುವವರಿದ್ದಾರೆ. ಇದು ಅಪಾಯಕಾರಿ. ಪಾಲಿಯೂರಿಥೇನ್ ಸ್ಪಂಜು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಸಯನೈಡ್ ಅನಿಲಗಳು ಹೊರಡುತ್ತವೆ. ಪ್ರಯಾಣಿಕರು ಉರಿಗಿಂತ ಮೊದಲು ಹೊಗೆಗೇ ಬಲಿಯಾಗಬಹುದು. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿ ಉರಿದು 45 ಮಂದಿ ಸತ್ತದ್ದನ್ನು ನಾವು ಮರೆತಿಲ್ಲ. ಅಲ್ಲಿ ಬೆಂಕಿ ಹೊತ್ತಿದ್ದು ಒಳಹೊದಿಕೆಯಿಂದಲ್ಲ. ಆದರೆ ಬಸ್ಸಿನಲ್ಲಿ ಬೆಂಕಿ ಹರಡಲು ತಗಲುವ ಸಮಯ ಎಷ್ಟು ಕಡಿಮೆ ಎಂಬುದನ್ನು ಅದು ತೋರಿಸಿತು. ಒಳಹೊದಿಕೆಯ ಸಾಮಗ್ರಿಯಲ್ಲಿ ಉರಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು ಎಂದು ಅಮೆರಿಕದ ನಿಯಮ ಹೇಳುತ್ತದೆ. ನಮ್ಮಲ್ಲಿ ಐ.ಎಸ್. 15061 ಎಂಬ ಮಾನಕವಿದೆ. ಬಾಡಿ ಕಟ್ಟುವವರಲ್ಲಿ ಇದರ ಪ್ರಮಾಣಪತ್ರ ಕೇಳಿರಿ.

ಎಂಜಿನ್ನಿನ ಕಡೆಯ ಫೆಲ್ಟ್‌ಗೆ ಎಣ್ಣೆ ಹಿಡಿದರೆ ಅದು ದೀಪದ ಬತ್ತಿಯಂತಾಗುತ್ತದೆ. ಅಲ್ಲಿ ಅಲ್ಯೂಮಿನಿಯಂ ಹಾಳೆಯ ಹೊದಿಕೆ ಅಗತ್ಯ. ಕಲ್ನಾರು ಪುಪ್ಪುಸದ ಕ್ಯಾನ್ಸರ್ ತರುವಂಥದ್ದು, ಎಂದಿಗೂ ಬೇಡ. ಗಾಜಿನ ನಾರು ತುರಿಕೆ, ಕೆಮ್ಮು ತರುವುದರಿಂದ ಅಂಚುಗಳನ್ನೆಲ್ಲ ಮುಚ್ಚಿರಬೇಕು. ಮಳೆಗೆ ನೆನೆದ ಫೆಲ್ಟ್‌ನಲ್ಲಿ ಬೂಷ್ಟು ಬೆಳೆದು ಉಬ್ಬಸದವರಿಗೆ ತೊಂದರೆಯಾಗುತ್ತದೆ, ಅದನ್ನು ಬದಲಾಯಿಸಿ.

ನೀವು ಮಾಡಬಹುದಾದದ್ದು

* ಸಂಜೆ ಗಾಡಿ ನಿಲ್ಲಿಸುವಾಗ ರೇಡಿಯೋ ಹದವಾಗಿ ಕೇಳುವಂತೆ ಇಟ್ಟು ಆರಿಸಿ. ಮರುದಿನ ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮೊದಲು ಅದನ್ನು ಹಾಕಿ. ವಿಪರೀತ ಜೋರೆನಿಸಿದರೆ ಹಿಂದಿನ ದಿನದ ಗದ್ದಲ ನಿಮ್ಮ ಕಿವಿಯನ್ನು ಮಂದಗೊಳಿಸಿತ್ತು ಎಂದು ಊಹಿಸಬಹುದು.

* ಕಿವಿಯಲ್ಲಿ ಗುಂಯ್ ಶಬ್ದ, ಮಾತು ಅರ್ಥವಾಗದಿರುವುದು ಇದ್ದರೆ ಕಿವಿ ತಜ್ಞರಲ್ಲಿ ಆಡಿಯೋಗ್ರಾಂ ಮಾಡಿಸಿ. ಕಣ್ಣಿನಂತೆ ಕಿವಿಯ ಪರೀಕ್ಷೆಯೂ ಚಾಲಕರಿಗೆ ವರ್ಷಕ್ಕೊಮ್ಮೆ ಆಗಲಿ.

* ಹಲಗೆ ಹಾಕಿಸುವಾಗ ತುರ್ತು ಬಾಗಿಲು, ಗಾಳಿಕಿಂಡಿಗಳನ್ನು ಮುಚ್ಚಬೇಡಿ.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯವೆಂದು ಅಧಿಸೂಚನೆ ಹೊರಡಿಸಿತು. ಕಿಟಕಿ ಮುಚ್ಚಿದರೆ ಹೊರಗಿನ ಗದ್ದಲ ತಗ್ಗುತ್ತದೆ. ಒಳಗಿನದ್ದನ್ನು ಹೀರಲು ಮಾತ್ರ ಮೆತ್ತೆಯೇ ಬೇಕು. ಕ್ಯಾಬಿನ್ ಒಳಗಿನ ಹೀರಿಕೆ ಎರಡು ಪಟ್ಟಾದರೆ ಪುಟಿದು ಬರುವ ಶಬ್ದ 3 ಡೆಸಿಬಲ್ ಇಳಿಯುತ್ತದೆ. ಮೇಲೆ ಹೇಳಿದ ಲೆಕ್ಕ ನೆನಪಿದೆಯಲ್ಲವೆ? ಆ ಮೂರು ಡೆಸಿಬಲ್‌ನಲ್ಲಿ ಅಪ್ಪನ ಕಿವಿಗೆ ದೊರೆಯುವ ರಕ್ಷಣೆ ಕಡಿಮೆಯೇನಲ್ಲ.