ಸವೆಯದ ಟೈರಿಗೂ ಮುಪ್ಪು ಬರುತ್ತದೆ

ಕಾರಿನ ಟೈರು ಚೆನ್ನಾಗಿದೆಯೇ ಎಂದು ತಿಳಿಯಲು ಹೆಚ್ಚಿನವರು ನೋಡುವುದು ಗ್ರಿಪ್ ಎಷ್ಟು ಉಳಿದಿದೆ ಎಂಬುದನ್ನು ಮಾತ್ರ. ಗ್ರಿಪ್‌ನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು ಎನ್ನುತ್ತದೆ ನಮ್ಮ ಕಾನೂನು. ಆದರೆ ಸವೆತವೇ ಬೇರೆ, ಮುಪ್ಪೇ ಬೇರೆ. ಓಡಿದ ದೂರಕ್ಕೆ ತಕ್ಕಂತೆ ಟೈರು ಸವೆಯುತ್ತದೆ. ಕಳೆದ ವರ್ಷಗಳಿಗೆ, ತಿಂದ ಬಿಸಿಲಿಗೆ ತಕ್ಕಂತೆ ಮುದಿಯಾಗುತ್ತದೆ. ವಾರಕ್ಕೊಮ್ಮೆ ಹೊರಗೆ ತೆಗೆಯುವ ಕಾರಿನ ಟೈರಿಗೆ ಸವೆಯುವ ಮೊದಲೇ ವಯಸ್ಸಾಗಿಬಿಡುತ್ತದೆ. ಹಾಗಾಗಿ ಕಾರನ್ನು ಕಡಿಮೆ ಓಡಿಸುವವರೇ ಟೈರಿನ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು.

ರಬ್ಬರಿನ ಮುಖ್ಯ ಶತ್ರು ಆಮ್ಲಜನಕ. ಟೈರಿಗೆ ತುಂಬಿದ ಗಾಳಿಯಲ್ಲಿ ಐದನೇ ಒಂದು ಪಾಲು ಅದೇ ಇರುತ್ತದೆ. ಒತ್ತಡಕ್ಕೆ ಸಿಕ್ಕಿದ ಆ ಗಾಳಿ ರಬ್ಬರಿನೊಳಗಿಂದ ನಿಧಾನವಾಗಿ ಹೊರಕ್ಕೆ ಜಿನುಗುತ್ತ, ಉಕ್ಕಿನ ತಂತಿಯ ಪದರಗಳನ್ನು ಹಿಡಿದಿಟ್ಟಿರುವ ರಬ್ಬರನ್ನು ಗಡುಸುಗೊಳಿಸುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆಗೆ ವೇಗ ಹೆಚ್ಚು. ಹೊರಮೈಯನ್ನು ಓಜೋನ್‌ನಿಂದ ಕಾಯಲು ರಬ್ಬರಿನಲ್ಲಿ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಚಕ್ರ ಉರುಳಿ ಟೈರು ಬಾಗುತ್ತಿದ್ದರೆ ಅದು ಮೇಲಕ್ಕೆ ಬರುತ್ತಿರುತ್ತದೆ. ನಿಂತಲ್ಲೇ ನಿಂತ ಕಾರಿನಲ್ಲಿ ಆ ರಕ್ಷಣೆಯೂ ಕುಗ್ಗಿ ಅಂಚಿನಲ್ಲಿ ಬಿರುಕು ಮೂಡುತ್ತದೆ. ಒಳಗಿನ ಪದರ ಸಡಿಲಗೊಂಡಿರುವುದಂತೂ ಹೊರಗಿನಿಂದ ಕಾಣುವುದೇ ಇಲ್ಲ. ಹೆದ್ದಾರಿಯ ವೇಗದಲ್ಲಿ ಟೈರು ಕಾದಾಗ ಗ್ರಿಪ್‌ನ ಪದರವೇ ಕಿತ್ತುಬರಬಹುದು.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2002ರಿಂದ 2006ರವರೆಗಿನ ವಿಮಾ ದಾಖಲೆಗಳನ್ನು ಪರಿಶೀಲಿಸಿತು. ಟೆಕ್ಸಸ್, ಅರಿಜೋನಾ ಸೇರಿದಂತೆ ಐದು ಬಿಸಿ ರಾಜ್ಯಗಳಲ್ಲಿ ಇದ್ದದ್ದು ಶೇ. 27ರಷ್ಟು ವಿಮಾದಾರರು, ಟೈರಿಗೆ ಸಂಬಂಧಿಸಿದ ಪರಿಹಾರದ ಅರ್ಜಿಗಳಲ್ಲಿ ಶೇ. 77 ಬಂದದ್ದು ಅಲ್ಲಿಂದ. ಅವುಗಳಲ್ಲಿ ಶೇ. 84 ಆರು ವರ್ಷ ಮೀರಿದ ಟೈರುಗಳವು. ಬ್ರಿಟನ್ನಿನ ಹೈಂಡ್‌ಹೆಡ್ ಬಳಿ 2012ರಲ್ಲಿ ಬಸ್ಸಿನ ಮುಂದಿನ ಟೈರು ಸಿಡಿದು ಮೂವರು ಸತ್ತರು. ಆ ಟೈರಿಗೆ 19 ವರ್ಷ ದಾಟಿತ್ತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರ ಹೋರಾಟದ ಬಳಿಕ, ಬಸ್ಸು–ಲಾರಿಗಳ ಮುಂದಿನ ಚಕ್ರಗಳಿಗೆ ಹತ್ತು ವರ್ಷ ಮೀರಿದ ಟೈರು ಹಾಕುವುದನ್ನು ಆ ದೇಶ 2021ರಲ್ಲಿ ನಿಷೇಧಿಸಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯವರು ಬಿಸಿ ರಾಜ್ಯಗಳ ಆ ಲೆಕ್ಕವನ್ನು ತಮ್ಮದೇ ಎಂದು ಓದಿಕೊಳ್ಳಬೇಕು.

ಇದೆಲ್ಲ ಹೊಸ ಟೈರು ಮಾರುವ ಉಪಾಯ ಎಂದು ಕೆಲವರಿಗೆ ಅನ್ನಿಸಬಹುದು. ಟೈರು ಮಾರುವವರಿಗೆ ಲಾಭವಿದೆ, ನಿಜ. ಆದರೆ ವಿಮಾ ದಾಖಲೆಗಳಲ್ಲಿರುವ ಅಂಕಿಗಳು ಅವರು ಬರೆದವಲ್ಲ. ಎಲ್ಲ ಟೈರಿಗೂ ಒಂದೇ ಆಯಸ್ಸಿಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನೆರಳಿನಲ್ಲಿ ನಿಂತು, ಸರಿಯಾದ ಗಾಳಿಯಿದ್ದು, ಮಿತವಾದ ಭಾರ ಹೊತ್ತ ಟೈರು ಹೆಚ್ಚು ಬಾಳುತ್ತದೆ. ಆದ್ದರಿಂದಲೇ ಆರು ವರ್ಷವಾದೊಡನೆ ಎಸೆಯಿರಿ ಎನ್ನುವುದಕ್ಕಿಂತ, ಐದು ವರ್ಷದ ನಂತರ ಪ್ರತಿವರ್ಷ ಟೈರನ್ನು ರಿಮ್ಮಿನಿಂದ ಬಿಚ್ಚಿಸಿ ಒಳಗೂ ಹೊರಗೂ ಪರೀಕ್ಷಿಸಿ ಎನ್ನುವುದು ನ್ಯಾಯ. ಬಿರುಕು, ಉಬ್ಬು ಕಂಡರೆ ಆಗಲೇ ಬದಲಿಸಬೇಕು. ಹತ್ತು ವರ್ಷವಾದರೆ, ನೋಡಲು ಎಷ್ಟೇ ಚೆನ್ನಾಗಿದ್ದರೂ, ಬಿಡಬೇಕು. ಒಳಗಿನ ಮುಪ್ಪು ಕಣ್ಣಿಗೆ ಕಾಣದಿರುವಾಗ ವಯಸ್ಸಿಗೊಂದು ಕೊನೆಯ ಗಡಿ ಬೇಕೇ ಬೇಕು.

ವಯಸ್ಸು ತಿಳಿಯುವುದು ಸುಲಭ. ಟೈರಿನ ಪಕ್ಕದಲ್ಲಿ ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಹಳೆಯ ಕಾರು ಕೊಳ್ಳುವಾಗ ನಾಲ್ಕು ಚಕ್ರಗಳ ಜೊತೆ ಸ್ಟೆಪ್ನಿಯದನ್ನೂ ಓದಿ. ಒಮ್ಮೆಯೂ ರಸ್ತೆಗಿಳಿಯದ ಸ್ಟೆಪ್ನಿಗೂ ವಯಸ್ಸಾಗುತ್ತದೆ; ಪಂಕ್ಚರ್ ಆದ ದಿನ ಇಡೀ ಕುಟುಂಬದ ಭಾರ ಹೊರಬೇಕಾದದ್ದು ಅದೇ.