ನುಸುಳಿ ಬಂದ ಮಕ್ಕಳಿಂದ ಹುಟ್ಟಿದ ಸಂಸ್ಥೆ

ಅಮೆರಿಕದ ಬಾಸ್ಟನ್ ನಗರದ ಬಂದರುಕಟ್ಟೆಯ ಬಳಿ, ಒಂದು ಕಾಲಕ್ಕೆ ಉಣ್ಣೆಯ ಉಗ್ರಾಣವಾಗಿದ್ದ ಕಟ್ಟಡದಲ್ಲಿ, ಗಣಕಯಂತ್ರಗಳಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯವೊಂದಿತ್ತು. 1989ರ ಡಿಸೆಂಬರಿನಲ್ಲಿ ಶಾಲೆಗಳಿಗೆ ರಜೆ ಬಂದ ವಾರ, ಅಲ್ಲಿಯ ಶಿಕ್ಷಣ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ನಟಾಲಿ ರಸ್ಕ್ ಎಂಬವರು, ಎಂ.ಐ.ಟಿ. ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬಿನಿಂದ ಕೆಲವು ಸಾಮಗ್ರಿಗಳನ್ನು ಎರವಲು ತಂದು, ನೋಡಬಂದ ಮಕ್ಕಳ ಮುಂದೆ ಹರಡಿದರು. ಲೆಗೊ ಇಟ್ಟಿಗೆಗಳು, ಸಣ್ಣ ಮೋಟಾರುಗಳು, ಗಾಲಿಗಳು. ಮಗುವು ತಾನು ಕಟ್ಟಿದ ವಸ್ತುವಿಗೆ ಗಣಕದ ಮೂಲಕ ಆಜ್ಞೆಯಿತ್ತು ಚಲನೆ ಬರಿಸಬಹುದಾದ ಏರ್ಪಾಡು. ಇದರ ಹಿಂದೆ ಸೇಮೂರ್ ಪ್ಯಾಪರ್ಟ್ ಎಂಬ ಗಣಿತಜ್ಞರ ಚಿಂತನೆಯಿತ್ತು. ಜಿನೀವಾದಲ್ಲಿ ಮಕ್ಕಳ ಮನಸ್ಸಿನ ಅಧ್ಯಯನಕಾರರಾದ ಪಿಯಾಜೆಯವರ ಸಹೋದ್ಯೋಗಿಯಾಗಿದ್ದು, 1967ರಲ್ಲಿ ಸಂಗಡಿಗರೊಡನೆ ಮಕ್ಕಳಿಗಾಗಿ ಲೋಗೊ ಎಂಬ ಗಣಕಭಾಷೆಯನ್ನು ರೂಪಿಸಿದ ಅವರು, ಗಣಕವು ಮಗುವಿಗೆ ಪಾಠ ಹೇಳುವುದಕ್ಕಿಂತ ಮಗುವೇ ಗಣಕಕ್ಕೆ ಪಾಠ ಹೇಳುವುದು ಮೇಲೆಂದು ನಂಬಿದವರು.

ಎರಡನೆಯ ದಿನ, ಇಂಗ್ಲಿಷನ್ನೂ ಸ್ಪ್ಯಾನಿಷನ್ನೂ ಬೆರೆಸಿ ಮಾತನಾಡುವ ನಾಲ್ವರು ಮಕ್ಕಳು ಬಂದರು. ಅವರಲ್ಲಿ ಹನ್ನೊಂದು ವರ್ಷದ ಆಸುಪಾಸಿನ ಹುಡುಗನೊಬ್ಬ ಬೂದುಬಣ್ಣದ ಮೋಟಾರನ್ನು ಕೈಗೆತ್ತಿಕೊಂಡು, ಅದು ತಿರುಗಿದ್ದನ್ನು ಕಂಡು, ಗೆಳೆಯರನ್ನೆಲ್ಲ ಕೂಗಿ ಕರೆದ. ಎಲ್ಲರೂ ಕೂಡಿ ಒಂದು ಕಾರನ್ನು ಕಟ್ಟಿದರು. ಮರುದಿನಗಳಲ್ಲಿಯೂ ತಪ್ಪದೆ ಬಂದು, ಆ ಕಾರನ್ನು ಎತ್ತಬಲ್ಲ ಕ್ರೇನೊಂದನ್ನೂ ಕಟ್ಟಿ ನಡೆಸಿದರು. ವಾರ ಮುಗಿಯಿತು, ಎರವಲು ತಂದದ್ದು ಎಂ.ಐ.ಟಿ.ಗೆ ಹಿಂದಿರುಗಿತು. ಆದರೆ ಮಕ್ಕಳು ಮತ್ತೆ ಬಂದರು. ಸಾಮಗ್ರಿಯಿಲ್ಲವೆಂದು ತಿಳಿದು, ಗುಂಡಿಯೊತ್ತಿ ಮುಂದೆ ಸಾಗುವ ಪ್ರವಾಸಿಗರಿಗಾಗಿ ಜೋಡಿಸಿಟ್ಟಿದ್ದ ಪ್ರದರ್ಶನಗಳ ನಡುವೆ ಸ್ವಲ್ಪ ಹೊತ್ತು ಅಲೆದು, ಮುಖ ಸಣ್ಣಗೆ ಮಾಡಿಕೊಂಡು ಹೊರಟುಹೋದರು. ಕೆಲವು ವಾರಗಳ ತರುವಾಯ ಆಡಳಿತದವರಿಂದ ಸಿಬ್ಬಂದಿಗೆಲ್ಲ ಎಚ್ಚರಿಕೆಯ ಸೂಚನೆ ಬಂದಿತು: ಯಾರೋ ಮಕ್ಕಳು ಒಳಗೆ ನುಸುಳುತ್ತಿದ್ದಾರೆ, ನಿಗಾ ಇಡಿರಿ. ವಿಚಾರಿಸಲಾಗಿ ಅವರೇ ಇವರು.

ಇದನ್ನು ಶಿಸ್ತಿನ ಪ್ರಶ್ನೆಯೆಂದೆಣಿಸಿ ಬಾಗಿಲು ಭದ್ರಪಡಿಸುವುದು ಸುಲಭವಾಗಿತ್ತು. ಬಹುಮಂದಿ ಅಧಿಕಾರಿಗಳು ಹಾಗೆಯೇ ಮಾಡುತ್ತಿದ್ದರೆಂದು ನನ್ನ ಅನಿಸಿಕೆ. ರಸ್ಕ್ ಮಾತ್ರ, ಶಾಲೆ ಬಿಟ್ಟ ಮೇಲೆ ಈ ಮಕ್ಕಳು ಹೋಗಬಹುದಾದ ಬೇರೆ ತಾಣವಿದೆಯೇ ಎಂದು ಹುಡುಕಹೊರಟರು. ಕೆಲವು ಸಮುದಾಯ ಕೇಂದ್ರಗಳಲ್ಲಿ ಗಣಕಗಳು ಆಗತಾನೆ ಬಂದಿದ್ದವು. ಒಂದೆಡೆ ಬೆರಳಚ್ಚಿನ ಪಾಠ, ಇನ್ನೊಂದೆಡೆ ಬರಿಯ ಆಟ. ಮಕ್ಕಳು ತಾವು ಬಯಸಿದ್ದನ್ನು ಸೃಷ್ಟಿಸಲು ಅವಕಾಶವೆಲ್ಲಿಯೂ ಇರಲಿಲ್ಲ. ಆಗ ಅವರು, ಮೊದಲು ಪತ್ರಕರ್ತರಾಗಿದ್ದು ತರುವಾಯ ಮೀಡಿಯಾ ಲ್ಯಾಬನ್ನು ಸೇರಿದ ಮಿಚೆಲ್ ರೆಸ್ನಿಕ್ ಅವರೊಡನೆ ಕೂಡಿ ಯೋಚಿಸಿದುದರ ಫಲವಾಗಿ, 1993ರಲ್ಲಿ ಅದೇ ವಸ್ತುಸಂಗ್ರಹಾಲಯದ ಆಶ್ರಯದಲ್ಲಿ ಕಂಪ್ಯೂಟರ್ ಕ್ಲಬ್‌ಹೌಸ್ ಎಂಬ ತಾಣವು ತೆರೆಯಿತು. ಬಡ ಕೇರಿಗಳ ಮಕ್ಕಳು ಶುಲ್ಕವಿಲ್ಲದೆ ಬರಬಹುದು, ಬೇಕಾದಷ್ಟು ಹೊತ್ತು ಇರಬಹುದು, ಹಾಜರಿಯಿಲ್ಲ, ಪರೀಕ್ಷೆಯಿಲ್ಲ.

ಯಂತ್ರಗಳನ್ನು ಕೊಳ್ಳುವುದು ಇದರಲ್ಲಿ ಸುಲಭವಾದ ಭಾಗ. ಕಠಿನವಾದದ್ದು ಯಂತ್ರದ ಪಕ್ಕದಲ್ಲಿ ಯಾರು ಕುಳ್ಳಿರಬೇಕೆಂಬುದು. ಶಿಕ್ಷಕರಂತೆ ನಿಂತು ಬೋಧಿಸುವವರು ಅಲ್ಲಿಯ ಸಂಸ್ಥಾಪಕರಿಗೆ ಬೇಕಿರಲಿಲ್ಲ. ಸುತ್ತಮುತ್ತಣ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಕಲಾವಿದರೂ ಇಂಜಿನಿಯರುಗಳೂ ಸ್ವಯಂಪ್ರೇರಿತರಾಗಿ ಬಂದು, ತಮತಮಗೆ ಪ್ರಿಯವಾದ ಕೆಲಸವನ್ನು ಮಕ್ಕಳ ಕಣ್ಣೆದುರಿಗೇ ಮಾಡುತ್ತಿರಬೇಕೆಂಬುದು ಅವರ ಅಪೇಕ್ಷೆ. ಬಾಸ್ಟನ್ ವಿಶ್ವವಿದ್ಯಾಲಯದ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು ಹೀಗೆಯೇ ಬಂದು ಯಂತ್ರಮಾನವನೊಂದನ್ನು ಕಟ್ಟತೊಡಗಿದಾಗ, ಹಲವು ದಿನ ಒಬ್ಬ ಹುಡುಗನೂ ಅತ್ತ ತಿರುಗಿ ನೋಡಲಿಲ್ಲ. ಅವರು ಕರೆಯಲೂ ಇಲ್ಲ, ಬೇಸರಿಸಲೂ ಇಲ್ಲ. ಯಂತ್ರವು ಆಕಾರ ಪಡೆಯತೊಡಗಿದಂತೆ, ಕುಂಬಾರನ ತಿಗರಿಯ ಸುತ್ತ ನೆರೆಯುವ ಹುಡುಗರ ಹಾಗೆ, ಒಬ್ಬೊಬ್ಬರೇ ಸಮೀಪಕ್ಕೆ ಬಂದರು. ಒಬ್ಬನು ಅದರ ಮೇಲ್ಗಡೆಗೆ ತನ್ನದೊಂದು ರಚನೆಯನ್ನು ಹೂಡಿದನು. ಇನ್ನೊಬ್ಬನಿಗೆ ಬೆಳಕು, ಸ್ಪರ್ಶಗಳನ್ನರಿಯುವ ಸೆನ್ಸರುಗಳ ಗುಟ್ಟು ಬೇಕಾಯಿತು. ತಿಂಗಳು ತುಂಬುವಷ್ಟರಲ್ಲಿ ಹಿರಿಯರು ಕಿರಿಯರೆನ್ನದ ಒಂದು ಪುಟ್ಟ ತಂಡವೇ ಅಲ್ಲಿ ದುಡಿಯುತ್ತಿತ್ತು. ಕಲಿಸುವವನೂ ಕಲಿಯುತ್ತಿರುವುದನ್ನು, ಎಡವಿ ಮತ್ತೆ ಏಳುವುದನ್ನು ಕಣ್ಣಾರೆ ಕಾಣುವ ಭಾಗ್ಯ ಯಾವ ತರಗತಿಯಲ್ಲಿ ಉಂಟು? ಕೊಠಡಿಯ ನಡುವೆ ಒಂದು ದೊಡ್ಡ ಹಸುರು ಮೇಜನ್ನಿರಿಸಿ ಅದರ ಮೇಲೆ ಗಣಕವನ್ನೇ ಇಡದೆ ಬಿಟ್ಟದ್ದೂ ಇದೇ ವಿವೇಕದಿಂದ: ಮಾತು, ಚಿತ್ರ, ತಿಂಡಿ, ಜಗಳ ಎಲ್ಲಕ್ಕೂ ಅಲ್ಲಿ ಎಡೆಯಿರಬೇಕಷ್ಟೆ.

ಮುಂದಿನದು ಬೇಗನೆ ಹೇಳಿ ಮುಗಿಸಬಹುದಾದ ಕಥೆ. ವಸ್ತುಸಂಗ್ರಹಾಲಯವು 1999ರಲ್ಲಿ ಮುಚ್ಚಿಹೋಗಿ, ಕ್ಲಬ್‌ಹೌಸ್ ಅದೇ ನಗರದ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಬಿಡಾರ ಬದಲಿಸಿತು. 2000ದಲ್ಲಿ ಇಂಟೆಲ್ ಕಂಪನಿಯು ಧನಸಹಾಯಕ್ಕೆ ಮುಂದೆ ಬಂದ ಮೇಲೆ ಇಂತಹ ತಾಣಗಳು ದೇಶದೇಶಗಳಿಗೆ ಹಬ್ಬಿ, ಸುಮಾರು ಇಪ್ಪತ್ತು ದೇಶಗಳಲ್ಲಿ ನೂರರಷ್ಟಾದವು. ಈ ತಾಣಗಳ ಮಕ್ಕಳಿಗೆ ಆಟವನ್ನೂ ಕಥೆಯನ್ನೂ ಹೆಣೆಯಲು ತಕ್ಕ ಸಾಧನವಿಲ್ಲವೆಂಬ ಕೊರಗಿನಿಂದಲೇ ರೆಸ್ನಿಕ್ ಅವರ ತಂಡವು ಸ್ಕ್ರ್ಯಾಚ್ ಎಂಬ ಭಾಷೆಯನ್ನು ರೂಪಿಸಿ, ಲಾಸ್ ಏಂಜಲೀಸಿನ ಕ್ಲಬ್‌ಹೌಸಿನಂಥ ಕಡೆ ಪರೀಕ್ಷಿಸಿ, 2007ರಲ್ಲಿ ಲೋಕಕ್ಕೆಲ್ಲ ಉಚಿತವಾಗಿ ಕೊಟ್ಟಿತು. ಇಂದು ಉಳ್ಳವರ ಮಕ್ಕಳೂ ಅದರಲ್ಲಿಯೇ ಗಣಕದ ಅಕ್ಷರಾಭ್ಯಾಸ ಮಾಡುತ್ತಾರೆ.

ಹಳೆಯ ಗಣಕಗಳನ್ನು ಶಾಲೆಗೆ ದಾನವಿತ್ತು, ಹಾರ ಹಾಕಿಸಿಕೊಂಡು, ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುವುದು ನಮ್ಮಲ್ಲಿಯೂ ರೂಢಿಯಾಗಿದೆ. ಕೊಡುವುದು ಪುಣ್ಯಕಾರ್ಯವೇ, ಅದನ್ನು ಹಳಿಯಲಾರೆ. ಅಂತಹ ಮಹನೀಯರಲ್ಲಿ ನನ್ನದೊಂದು ಬಿನ್ನಹ: ಮುಂದಿನ ಸಲ ಆ ಪೆಟ್ಟಿಗೆಗಳ ಜೊತೆಗೆ, ವಾರಕ್ಕೊಂದು ಸಂಜೆ ಮಕ್ಕಳ ನಡುವೆ ಕುಳಿತು ತನ್ನ ಕೆಲಸವನ್ನು ತಾನು ಮಾಡಿಕೊಂಡಿರಬಲ್ಲ ಒಬ್ಬ ಮನುಷ್ಯನನ್ನೂ ಕಳುಹಿಸಿಕೊಡಿರಿ.